ಇಳಕಲ್ಲ ಸೀರೆಯೂ ಹೊಸ ಗಿರಾಕಿಯೂ

ಬಹುಕಾಲದಿಂದ ಹೆಸರುವಾಸಿಯಾದ ಬಟ್ಟೆಯೊಂದು ತನ್ನ ಹಳೆಯ ಗಿರಾಕಿಗಳನ್ನು ಕಳೆದುಕೊಂಡು, ಹೊಸಬರನ್ನು ಇನ್ನೂ ಸಂಪಾದಿಸಿಕೊಳ್ಳಲಾರದೆ, ಪೂರ್ವಕೀರ್ತಿಯೊಂದನ್ನೇ ಬಂಡವಾಳವಾಗಿಟ್ಟುಕೊಂಡು ನಿಂತಿರುವಾಗ ಅದನ್ನು ಮರಳಿ ಬದುಕಿಸುವ ಬಗೆ ಯಾವುದು ಎಂಬ ಪ್ರಶ್ನೆ ಈಗ ಯಾವುದೋ ಒಂದು ದೇಶಕ್ಕೆ ಸೀಮಿತವಾದುದಲ್ಲ. ಇಂಗ್ಲೆಂಡಿನ ಬರ್ಬೆರಿಯವರ ಮಳೆಯಂಗಿ, ಸ್ಕಾಟ್ಲೆಂಡಿನ ದ್ವೀಪವಾಸಿಗಳ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಬಟ್ಟೆ, ಬ್ರಿಟಿಷರು ಬೆಂಗಳೂರಿನಲ್ಲಿ ನಡೆಸಿದ ಬಿನ್ನಿ ಗಿರಣಿಯ ಥಾನುಗಳು, ಮೈಸೂರಿನ ಅರಸರು ಆರಂಭಿಸಿದ ಕಾರ್ಖಾನೆಯ ರೇಷ್ಮೆ ಸೀರೆ, ಇವೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಈ ಪ್ರಶ್ನೆಯನ್ನು ಎದುರಿಸಿದವು; ಒಂದೊಂದಕ್ಕೆ ಒಂದೊಂದು ಬಗೆಯ ಉತ್ತರ ಲಭಿಸಿತು. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ ನಿಂತು ನೋಡುವವನಿಗೆ ಅದೇ ಪ್ರಶ್ನೆ ಇಳಕಲ್ಲ ಸೀರೆಯ ರೂಪದಲ್ಲಿ ಎದುರಾಗುತ್ತದೆ. ಇಳಕಲ್ಲು ಈ ತಾಲ್ಲೂಕುಗಳಿಗೆ ಹೊರಗಿನದು, ಬಾಗಲಕೋಟೆ ಜಿಲ್ಲೆಗೆ ಸೇರಿದ್ದು, ನಿಜ. ಆದರೆ ಸೀರೆಯ ಚರಿತ್ರೆಯಲ್ಲಿ ನೆಯ್ದ ಊರಿಗೆ ಎಷ್ಟು ಪಾಲುಂಟೋ ಉಟ್ಟ ಊರುಗಳಿಗೂ ಅಷ್ಟೇ ಪಾಲುಂಟು, ಮತ್ತು ಇಳಕಲ್ಲ ಸೀರೆಯನ್ನು ತಲೆಮಾರುಗಳ ಕಾಲ ಉಟ್ಟು ಉಳಿಸಿದ ನಾಡುಗಳಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬವು ಪ್ರಧಾನವಾದುದು.

ಲಿಂಗಸುಗೂರಿನಿಂದ ಮುದಗಲ್ಲಿನ ಹಾದಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಇಳಕಲ್ಲು ದೂರವಲ್ಲ. ಆದರೂ ಒಂದು ಶತಮಾನದಷ್ಟು ಕಾಲ ಈ ನೆರೆಯೂರುಗಳ ನಡುವೆ ಎರಡು ಸರ್ಕಾರಗಳ ಗಡಿ ಹಾದುಹೋಗಿತ್ತೆಂಬುದನ್ನು ಮರೆಯಲಾಗದು. ಇಳಕಲ್ಲು ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಆಡಳಿತಕ್ಕೆ ಒಳಪಟ್ಟಿದ್ದರೆ, ಲಿಂಗಸುಗೂರು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. 1853ರಿಂದ 1860ರವರೆಗೆ ದೋಆಬವೂ ಇಂಗ್ಲಿಷರ ವಶದಲ್ಲಿದ್ದು ಅನಂತರ ನಿಜಾಮರಿಗೆ ಹಿಂದಿರುಗಿತು. ಹೈದರಾಬಾದು ಕಂಟಿಂಜೆಂಟ್ ಎಂಬ ಸೇನೆಯ ದಂಡು ಲಿಂಗಸುಗೂರಿನಲ್ಲಿ ಬೀಡುಬಿಟ್ಟಿತ್ತು. 1905ರವರೆಗೆ ಈ ಊರು ತನ್ನದೇ ಹೆಸರಿನ ಜಿಲ್ಲೆಗೆ ಮುಖ್ಯಸ್ಥಾನವೂ ಆಗಿತ್ತು. ಸಂಸ್ಥಾನದ ಗಡಿಯೊಳಕ್ಕೆ ಬರುವ ಸರಕಿಗೆ ಕರೋಡಗಿರಿ ಇಲಾಖೆಯವರು ಸುಂಕ ವಸೂಲು ಮಾಡುತ್ತಿದ್ದರಾಗಿ, ಮುದಗಲ್ಲಿನ ಮೊಹರಮ್ಮಿಗೂ ಗುರುಗುಂಟಿಯ ಅಮರೇಶ್ವರನ ಜಾತ್ರೆಗೂ ಹೊಸ ಸೀರೆ ಕೊಳ್ಳುವ ಗೃಹಿಣಿ ನೇಕಾರನ ಮಜೂರಿಯೊಡನೆ ನಿಜಾಮರ ಸುಂಕವನ್ನೂ ತಾನರಿಯದೆಯೇ ತೆರುತ್ತಿದ್ದಳೆನ್ನಬೇಕು. 1956ರ ಏಕೀಕರಣದಿಂದ ಆ ಗಡಿ ಅಳಿಸಿಹೋಯಿತು. ಸುಂಕದ ಕಟ್ಟೆಗಳು ತಡೆಯಲಾರದೆ ಹೋದ ಈ ಸೀರೆ, ಸುಂಕವೇ ಇಲ್ಲದ ಕಾಲದಲ್ಲಿ ಹಿಂಜರಿಯತೊಡಗಿದುದು ವಿಚಾರಾರ್ಹವಾದ ಸಂಗತಿ.

ಇಳಕಲ್ಲ ಸೀರೆಯನ್ನು ಇತರ ಸೀರೆಗಳಿಂದ ಬೇರ್ಪಡಿಸುವುದು ಅದರ ಬಣ್ಣವೊಂದೇ ಅಲ್ಲ, ಅದರ ರಚನಾಕ್ರಮ. ಸಾಮಾನ್ಯ ಸೀರೆಗೆ ಉದ್ದನೆಯ ಒಂದೇ ಹಾಸು ಸಾಕು. ಒಂದರ ಹಿಂದೊಂದರಂತೆ ಹಲವು ಸೀರೆಗಳನ್ನು ಅದೇ ಹಾಸಿನ ಮೇಲೆ ನೆಯ್ದು ಕತ್ತರಿಸಬಹುದು. ಇಲ್ಲಿ ಹಾಗಲ್ಲ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಅಥವಾ ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯ ಹಾಸು, ದಡಿಗೆ ಮತ್ತೊಂದು ಹಾಸು, ಹೀಗೆ ಮೂರನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿಕೊಂಡು, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಈ ಕೊಂಡಿಯ ಕೆಲಸ ಪ್ರತಿಯೊಂದು ಸೀರೆಗೂ ಹೊಸದಾಗಿ ಆಗಬೇಕು. ಹೀಗೆ ಬೆಸೆದ ಕೆಂಪು ಸೆರಗಿನ ಮೇಲೆ ಬಿಳಿಯ ಎಳೆಗಳಲ್ಲಿ ಜೋಳದ ತೆನೆ, ಕೋಟೆಯ ಕೊತ್ತಳ, ಹಣಿಗೆಯ ಹಲ್ಲು, ಬೆಟ್ಟದ ಸಾಲುಗಳನ್ನು ನೆನಪಿಗೆ ತರುವ ಆಕೃತಿಗಳು ಮೂಡುತ್ತವೆ. ದೋಆಬದ ಹೆಣ್ಣುಮಗಳಿಗೆ ಈ ಆಕೃತಿಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ; ತೆನೆ ಅವಳ ಹೊಲದ್ದು, ಕೊತ್ತಳ ಅವಳು ಕಂಡ ಮುದಗಲ್ಲಿನ ಕೋಟೆಯದು. ಚಿಕ್ಕಿಪರಾಸು, ಗೋಮಿ, ಗಾಯತ್ರಿ ಎಂಬ ದಡಿಯ ಭೇದಗಳನ್ನು ಅವಳು ಕಣ್ಣಳತೆಯಿಂದಲೇ ಗುರುತಿಸಬಲ್ಲವಳಾಗಿದ್ದಳು. ಒಡಲಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಶುಭಕಾರ್ಯಗಳಲ್ಲಿ ಮಾನ್ಯವಾಗಿತ್ತು. ಇವುಗಳ ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ ಇದ್ದರೆ ಉಡುಗೆ ಪರಿಪೂರ್ಣವಾಯಿತೆಂದು ಭಾವನೆ.

ಇಂಥ ಬಟ್ಟೆಯನ್ನು ‘ಪ್ರಾಚೀನ’ವೆಂದು ಕೊಂಡಾಡುವವರು ಅದು ಅನಾದಿಯಿಂದ ಒಂದೇ ರೂಪದಲ್ಲಿ ನಡೆದುಬಂದಿತೆಂದು ಭ್ರಮಿಸುವುದುಂಟು. ವಸ್ತುಸ್ಥಿತಿ ಬೇರೆ. ಕೈನೂಲಿನ ಸ್ಥಾನಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಿರಣಿಯ ನೂಲು ಬಂದಿತು. ಬೇರು ತೊಗಟೆಗಳಿಂದ ತೆಗೆಯುತ್ತಿದ್ದ ಬಣ್ಣಗಳ ಸ್ಥಾನಕ್ಕೆ ಯುರೋಪಿನ ರಾಸಾಯನಿಕ ಬಣ್ಣಗಳು ಬಂದವು. ಅಪ್ಪಟ ರೇಷ್ಮೆಯ ಪಕ್ಕದಲ್ಲಿ ಚಮಕಾ ಬಂದು ಕುಳಿತು, ಬಡವಳಿಗೂ ಕೆಂಪು ಸೆರಗು ಎಟುಕುವಂತಾಯಿತು. ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆಯ ಜಾಗದಲ್ಲಿ ಆರು ಗಜದ್ದು ಬಳಕೆಗೆ ಬಂತು. ಪ್ರತಿಯೊಂದು ಬದಲಾವಣೆಯನ್ನೂ ಅರಗಿಸಿಕೊಂಡೇ ಸೀರೆ ಬದುಕಿತು. ಬದಲಾಗದೆ ನಿಂತದ್ದು ಕೊಂಡಿಯೂ ಸೆರಗಿನ ವಿನ್ಯಾಸವೂ ಮಾತ್ರ. ಆದ್ದರಿಂದ ಹಳೆಯ ಬಟ್ಟೆಯನ್ನು ಬದುಕಿಸಬೇಕೆನ್ನುವವನು ಮೊದಲು ನಿರ್ಣಯಿಸಬೇಕಾದುದು ಇಷ್ಟೇ: ಯಾವುದನ್ನು ಸ್ಥಿರವಾಗಿ ಉಳಿಸಬೇಕು, ಯಾವುದನ್ನು ಕಾಲಕ್ಕೆ ಬಿಟ್ಟುಕೊಡಬೇಕು? ಮುಂದೆ ಹೇಳುವ ಸಫಲತೆ ವಿಫಲತೆಗಳೆಲ್ಲ ಈ ಒಂದು ನಿರ್ಣಯವನ್ನೇ ಅವಲಂಬಿಸಿವೆ.

ಇಂಗ್ಲೆಂಡಿನ ಉದಾಹರಣೆಯನ್ನು ಮೊದಲು ನೋಡಬಹುದು. ಥಾಮಸ್ ಬರ್ಬೆರಿ 1856ರಲ್ಲಿ ಬೇಸಿಂಗ್‌ಸ್ಟೋಕ್ ಎಂಬ ಊರಿನಲ್ಲಿ ತೆರೆದ ಅಂಗಡಿ, 1879ರಲ್ಲಿ ಅವನು ಕಂಡುಹಿಡಿದ ಗ್ಯಾಬರ್ಡೀನ್ ಎಂಬ ನೀರು ಹಿಡಿಯದ ಬಟ್ಟೆಯಿಂದ ಪ್ರಸಿದ್ಧವಾಯಿತು. ಆ ಬಟ್ಟೆಯ ಮಳೆಯಂಗಿಯನ್ನು ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಗಳು ತೊಟ್ಟರು. ಅಂಗಿಯ ಒಳಮೈಗೆ ಹಾಕುತ್ತಿದ್ದ ಚೌಕುಳಿ ಬಟ್ಟೆಯೇ ಕ್ರಮೇಣ ಸಂಸ್ಥೆಯ ಗುರುತಾಯಿತು. ಮುಂದೆ ಆ ಚೌಕುಳಿಯನ್ನೂ ಹೆಸರನ್ನೂ ಬಳಸಿಕೊಳ್ಳುವ ಪರವಾನಗಿಯನ್ನು ಅನೇಕರಿಗೆ ಹಂಚಿದುದರ ಫಲವಾಗಿ, 2000ದ ದಶಕದ ಆರಂಭದಲ್ಲಿ ಚೌಕುಳಿಯು ಕಂಡಕಂಡ ವಸ್ತುಗಳ ಮೇಲೆಲ್ಲ ಹರಡಿ, ನಕಲುಗಳೂ ಅದರೊಡನೆ ಬೆಳೆದು, ಕೆಲವು ಪಾನಗೃಹಗಳು ಆ ಚೌಕುಳಿಯ ಟೋಪಿ ತೊಟ್ಟವರನ್ನು ಒಳಗೆ ಬಿಡದಿರುವಷ್ಟರ ಮಟ್ಟಿಗೆ ಹೆಸರು ಕೆಟ್ಟಿತು. 2006ರಲ್ಲಿ ಆಡಳಿತ ವಹಿಸಿಕೊಂಡ ಆಂಜೆಲಾ ಆರೆಂಟ್ಸ್ ಪರವಾನಗಿಗಳನ್ನು ಹಿಂದಕ್ಕೆ ಪಡೆದು, ಹಳೆಯ ಮಳೆಯಂಗಿಯನ್ನೇ ಮತ್ತೆ ಕೇಂದ್ರವಾಗಿ ನಿಲ್ಲಿಸಿ, ಹೊಸ ತಲೆಮಾರಿಗೆ ಅದನ್ನು ಅವರ ಭಾಷೆಯಲ್ಲಿಯೇ ಪರಿಚಯಿಸಿದಳು. 2018ರಲ್ಲಿ ಸಂಸ್ಥೆ ತನ್ನ ಲಾಂಛನವನ್ನು ಬದಲಿಸಿ, 2023ರಲ್ಲಿ ಹಳೆಯ ಅಶ್ವಾರೋಹಿಯ ಚಿತ್ರಕ್ಕೇ ಮರಳಿತು. ಗುರುತನ್ನು ಹಂಚುವುದು ಸುಲಭ, ಹಂಚಿದ್ದನ್ನು ಹಿಂದಕ್ಕೆ ಪಡೆಯುವುದು ದುಬಾರಿ ಎಂಬುದು ಈ ವೃತ್ತಾಂತದ ಸಾರ. ಆದರೆ ಬರ್ಬೆರಿಗೆ ಒಬ್ಬ ಒಡೆಯನುಂಟು. ಅವನು ತಪ್ಪನ್ನು ತಿದ್ದಿಕೊಳ್ಳಬಲ್ಲ. ಸಾವಿರಾರು ಮನೆಗಳಲ್ಲಿ ನೆಯ್ಯುವ ಇಳಕಲ್ಲಿಗೆ ಅಂಥ ಒಡೆಯನಿಲ್ಲ.

ಒಡೆಯನಿಲ್ಲದ ಹೆಸರನ್ನು ಕಾಪಾಡಿಕೊಳ್ಳುವ ಮಾರ್ಗವನ್ನು ತೋರಿಸಿಕೊಟ್ಟವರು ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ನೇಕಾರರು. 1840ರ ದಶಕದಲ್ಲಿ ಡನ್‌ಮೋರಿನ ಕೌಂಟೆಸ್ಸಳು ತನ್ನ ಜಮೀನಿನ ಬಡನೇಕಾರರ ಉಣ್ಣೆಬಟ್ಟೆಯನ್ನು ಶ್ರೀಮಂತ ಸ್ನೇಹಿತರಿಗೆ ಪರಿಚಯಿಸಿದಲ್ಲಿಂದ ಹ್ಯಾರಿಸ್ ಟ್ವೀಡಿನ ಖ್ಯಾತಿ ಹಬ್ಬಿತು. ಖ್ಯಾತಿಯ ಬೆನ್ನಿಗೇ ನಕಲು ಬಂತು. ಅದನ್ನು ತಡೆಯಲು 1910ರಲ್ಲಿ ಗೋಲದ ಮುದ್ರೆಯೊಂದು ನೋಂದಣಿಯಾಯಿತು. 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅದಕ್ಕಾಗಿಯೇ ಒಂದು ಶಾಸನವನ್ನು ರಚಿಸಿತು: ಆ ದ್ವೀಪಗಳಲ್ಲಿ ಬಣ್ಣ ಹಾಕಿ ನೂತ ಹೊಸ ಉಣ್ಣೆಯಿಂದ, ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಮಗ್ಗದ ಮೇಲೆ ನೆಯ್ದು, ಅಲ್ಲಿಯೇ ಪೂರೈಸಿದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲತಕ್ಕದ್ದು. ನೂಲುವುದು ಗಿರಣಿಯಲ್ಲಾಗಲಿ, ಮಗ್ಗ ಕಾಲಿನಿಂದ ತುಳಿಯುವ ಹೊಸ ಮಾದರಿಯದಾಗಲಿ, ಅದಕ್ಕೆ ಶಾಸನದ ಆಕ್ಷೇಪವಿಲ್ಲ. ಆದರೆ ಶಾಸನವೊಂದರಿಂದಲೇ ವ್ಯಾಪಾರ ಬೆಳೆಯಲಿಲ್ಲವೆಂಬುದಕ್ಕೂ ಅಲ್ಲಿಯೇ ದೃಷ್ಟಾಂತವಿದೆ. 2006ರಲ್ಲಿ ಸ್ಟೋರ್ನೊವೇಯ ದೊಡ್ಡ ಗಿರಣಿಯನ್ನು ಕೊಂಡ ಉದ್ಯಮಿಯೊಬ್ಬ, ಸಾವಿರಾರು ವಿನ್ಯಾಸಗಳಿದ್ದುದನ್ನು ನಾಲ್ಕಕ್ಕೆ ಇಳಿಸಿ, ಬಟ್ಟೆಯನ್ನು ಬೇರೆಯವರಿಗೆ ಮಾರದೆ ತನ್ನ ಕೋಟುಗಳಿಗೇ ಮೀಸಲಿಟ್ಟ. ಕೋಟುಗಳು ಮಾರಾಟವಾಗದೆ ಉಳಿದು, ನೇಕಾರರ ಮಗ್ಗಗಳು ಸ್ತಬ್ಧವಾದವು. 2007ರಲ್ಲಿ ಶಾಬೋಸ್ಟ್ ಎಂಬಲ್ಲಿ ಮತ್ತೆ ತೆರೆದ ಗಿರಣಿಯವರು ವಿನ್ಯಾಸಗಳನ್ನು ಹೆಚ್ಚಿಸಿ, ಯಾರು ಬೇಕಾದರೂ ಬಟ್ಟೆ ಕೊಂಡು ಏನು ಬೇಕಾದರೂ ಹೊಲಿದುಕೊಳ್ಳಲೆಂದು ಮಾರಿದುದರಿಂದ ಕಸುಬು ಚೇತರಿಸಿಕೊಂಡಿತು. 2004ರಷ್ಟು ಹಿಂದೆಯೇ ನೈಕಿ ಎಂಬ ಅಮೆರಿಕದ ಸಂಸ್ಥೆ ತನ್ನ ಆಟದ ಬೂಟುಗಳಿಗೆ ಆ ಬಟ್ಟೆಯನ್ನು ತರಿಸಿಕೊಂಡಿತ್ತು. ನೆಯ್ಯುವ ಕ್ರಮ ಕಟ್ಟುನಿಟ್ಟು, ಬಳಸುವ ಕ್ರಮ ಮುಕ್ತ. ಈ ಎರಡರ ಸಮತೋಲವೇ ಆ ಬಟ್ಟೆಯ ಪುನರ್ಜನ್ಮ.

ಇದಕ್ಕೆ ವ್ಯತಿರಿಕ್ತವಾದ ಗತಿ ನಮ್ಮ ನಾಡಿನಲ್ಲಿಯೇ ಬಾಳಿದ ಬ್ರಿಟಿಷ್ ಹೆಸರೊಂದಕ್ಕೆ ಒದಗಿತು. 1884ರಲ್ಲಿ ಸ್ಥಾಪಿತವಾದ ಬೆಂಗಳೂರು ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯು ಅಲ್ಪಕಾಲದಲ್ಲಿಯೇ ಮದರಾಸಿನ ಬಿನ್ನಿ ಕಂಪನಿಯ ಕೈಸೇರಿತು. ಅದೇ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಮದರಾಸಿನಲ್ಲಿದ್ದವು. ಸೇನೆಗೆ, ಪೊಲೀಸರಿಗೆ, ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಒದಗಿಸಿದ ಆ ಹೆಸರು ಗಟ್ಟಿತನಕ್ಕೆ ಪರ್ಯಾಯಪದವಾಗಿತ್ತು. ಗಿರಣಿಗಳು ಮುಚ್ಚಿದ ಮೇಲೆ ಉಳಿದದ್ದು ಬಿನ್ನಿಪೇಟೆ ಎಂಬ ಬಡಾವಣೆಯ ಹೆಸರು, ಮತ್ತು ಗಿರಣಿಯ ನೆಲದ ಮೇಲೆ ಎದ್ದ ಎತ್ತರದ ವಸತಿಕಟ್ಟಡಗಳು. ಹೆಸರಿಗೆ ಮರ್ಯಾದೆಯಿತ್ತು, ಆದರೆ ಅದರ ನೆಲದ ಬೆಲೆ ಬಟ್ಟೆಯ ಬೆಲೆಯನ್ನು ಮೀರಿದಾಗ ಅದನ್ನು ಉಳಿಸಬೇಕೆನ್ನುವ ಕೈಗಳಿಗೆ ಆ ಹೆಸರಿನ ಮೇಲೆ ಹಕ್ಕಿರಲಿಲ್ಲ.

ಮೈಸೂರು ರೇಷ್ಮೆಯದು ಮೂರನೆಯ ಮಾರ್ಗ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನ ಮಗ್ಗಗಳನ್ನು ತರಿಸಿ ಆರಂಭಿಸಿದ ಕಾರ್ಖಾನೆ 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ವಶಕ್ಕೆ ಬಂತು. ಇಲ್ಲಿ ನೆಯ್ಯುವುದು ಯಂತ್ರಮಗ್ಗವೇ; ಆ ಸಂಗತಿಯನ್ನು ನಿಗಮವು ಎಂದೂ ಮರೆಮಾಚಿಲ್ಲ. ಅದು ಕೊಡುವ ಭರವಸೆ ಅಪ್ಪಟ ರೇಷ್ಮೆ ಮತ್ತು ಅಪ್ಪಟ ಜರಿಯದು; ಪ್ರತಿ ಸೀರೆಗೂ ಅಂಕಿತದ ಸಂಖ್ಯೆ ಮತ್ತು ಹೊಲೊಗ್ರಾಮ್ ಉಂಟು. ಕೊಟ್ಟ ಮಾತು ನಡೆಸಿದುದರಿಂದಲೇ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಮಳಿಗೆ ತೆರೆಯುವ ಮೊದಲೇ ಮಹಿಳೆಯರು ಸಾಲುಗಟ್ಟಿ ನಿಲ್ಲುತ್ತಾರೆ. ದೋಷ ಯಂತ್ರದಲ್ಲಿಲ್ಲ, ಯಂತ್ರದ್ದನ್ನು ಕೈಯದೆಂದು ಮಾರುವುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಣ್ಣ ಪ್ರಮಾಣದ ಪ್ರಯತ್ನಗಳೂ ಗಮನಾರ್ಹವಾದವು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಕದಿಕೆ ಟ್ರಸ್ಟಿನವರು ಉಡುಪಿ ಸೀರೆಗೆ ಮರುಜೀವ ಕೊಡುವಾಗ, ನೆಯ್ದವರ ಹೆಸರನ್ನೂ ಭಾವಚಿತ್ರವನ್ನೂ ಸೀರೆಗೆ ಲಗತ್ತಿಸಿದರು. ಗಜೇಂದ್ರಗಡದ ಕಡೆ ಬಹುತೇಕ ಅಳಿದೇಹೋಗಿದ್ದ ಪಟ್ಟೇದ ಅಂಚು ಸೀರೆಯನ್ನು ಪುನರ್ಜೀವನ ಎಂಬ ಸಂಸ್ಥೆ ಹುಡುಕಿ ತೆಗೆದು ಮತ್ತೆ ಮಗ್ಗವೇರಿಸಿತು. ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರು ಕಟ್ಟಿದ ಚರಕ ಸಂಸ್ಥೆ, ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಯನ್ನು ದೇಸಿ ಎಂಬ ಮಳಿಗೆಗಳ ಮೂಲಕ ನಗರದ ವಿದ್ಯಾವಂತರ ಅಂಗಿ ಕುರ್ತಾಗಳನ್ನಾಗಿ ಮಾಡಿ ದಶಕಗಳ ಕಾಲ ನಡೆಸಿ, ಕೊನೆಗೆ 2020ರಲ್ಲಿ ತೀವ್ರವಾದ ಆರ್ಥಿಕ ಸಂಕಟಕ್ಕೆ ಸಿಲುಕಿತು. ಗಿರಾಕಿಯ ಪ್ರೀತಿ ಎಷ್ಟಿದ್ದರೂ, ನೂಲು ಕೊಂಡ ದಿನದಿಂದ ಬಟ್ಟೆ ಮಾರಿದ ದಿನದವರೆಗೆ ಹಣ ಒದಗಿಸುವ ವ್ಯವಸ್ಥೆ ಇಲ್ಲದಿದ್ದರೆ ಕೈಕಸುಬು ತಾಳಲಾರದು.

ಇಳಕಲ್ಲಿಗೆ ರಕ್ಷಣೆಗಳು ಇಲ್ಲವೆಂದಲ್ಲ. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕೇಂದ್ರಶಾಸನವುಂಟು. ಮೊದಲು 22 ಇದ್ದ ಮೀಸಲು ಬಟ್ಟೆಗಳು ಮುಂದೆ 11ಕ್ಕೆ ಇಳಿದರೂ ಸೀರೆ ಆ ಪಟ್ಟಿಯಲ್ಲಿ ಉಳಿದಿದೆ. ಹುಬ್ಬಳ್ಳಿಯಲ್ಲಿ ಕೇಂದ್ರಕಚೇರಿಯುಳ್ಳ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 1975ರಿಂದ ನೇಕಾರರಿಗೆ ನೂಲು ಒದಗಿಸುತ್ತ, ಪ್ರಿಯದರ್ಶಿನಿ ಮಳಿಗೆಗಳಲ್ಲಿ ಬಟ್ಟೆ ಮಾರುತ್ತ ಬಂದಿದೆ. ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2006ರಿಂದ ಕೈಮಗ್ಗದ ಗುರುತುಪಟ್ಟಿಯೂ ಬಳಕೆಯಲ್ಲಿದೆ. ಆದರೆ ಹ್ಯಾರಿಸ್ಸಿನಲ್ಲಿ ಮುದ್ರೆ ಬೀಳುವುದು ಪರೀಕ್ಷಿಸಿದ ಬಟ್ಟೆಯ ಮೇಲೆ. ಇಲ್ಲಿ ಮಾನ್ಯತೆ ಬಹುಮಟ್ಟಿಗೆ ಕಾಗದದ ಮೇಲೆ ಉಳಿದಿದೆ. ಯಂತ್ರಮಗ್ಗದ ಸೀರೆಗಳು ಇಳಕಲ್ಲ ಹೆಸರಿನಲ್ಲಿಯೇ ಕೈಮಗ್ಗದವುಗಳ ಪಕ್ಕದಲ್ಲಿ ಅಂಗಡಿಯ ಕಪಾಟನ್ನು ಹಂಚಿಕೊಳ್ಳುತ್ತವೆ. ಬೆಲೆ ನೋಡಿ ಕೊಳ್ಳುವವರು ಅಗ್ಗದ್ದನ್ನು ಒಯ್ಯುವುದು ಸಹಜ. ಖಣದ ಅನುಭವ ಇನ್ನೂ ಬೋಧಪ್ರದವಾದುದು: ಕುಪ್ಪಸಕ್ಕೆ ಸೀಮಿತವಾಗಿದ್ದ ಅದು ಸೀರೆಯಾಗಿ, ಚೀಲವಾಗಿ, ಮಕ್ಕಳ ಉಡುಗೆಯಾಗಿ ಮಹಾರಾಷ್ಟ್ರದವರೆಗೂ ಬೇಡಿಕೆ ಗಳಿಸಿತು, ಆದರೆ ಆ ಬೇಡಿಕೆಯ ಬಹುಪಾಲನ್ನು ತುಂಬಿದ್ದು ಯಂತ್ರಮಗ್ಗ. ಬಟ್ಟೆ ಜನಪ್ರಿಯವಾಯಿತು, ಕೈಮಗ್ಗದ ನೇಕಾರನಿಗೆ ಅದರ ಫಲ ಸಿಗಲಿಲ್ಲ.

ಈಗ ಗಿರಾಕಿಯ ಕಡೆಗೆ ತಿರುಗಬೇಕು. ‘ಆಧುನಿಕ ಗಿರಾಕಿ’ ಎಂದೊಡನೆ ಬೆಂಗಳೂರಿನ ಪ್ರದರ್ಶನಗಳಲ್ಲಿ ಕೈಮಗ್ಗವನ್ನು ಅರಸುವ ಸುಸಂಸ್ಕೃತ ಮಹಿಳೆಯನ್ನೇ ಕಣ್ಮುಂದೆ ತಂದುಕೊಳ್ಳುವುದು ಯೋಜನೆ ಹಾಕುವವರ ರೂಢಿ. ಆಕೆ ಬೇಕು, ಆದರೆ ಆಕೆಯೊಬ್ಬಳೇ ಅಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸುತ್ತಲ ಜೋಳ ಹತ್ತಿಗಳ ಎರೆಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ, ಪೂರ್ವಬಂಗಾಳದ ನಿರಾಶ್ರಿತರ ಪುನರ್ವಸತಿಯ ಕ್ಯಾಂಪುಗಳೂ ತಲೆಯೆತ್ತಿದವು, ಅಕ್ಕಿಗಿರಣಿಗಳು ಬಂದವು. ಕೆಸರಿನಲ್ಲಿ ನಾಟಿ ಹಚ್ಚುವವಳಿಗೆ ಬೇಗ ಒಣಗುವ, ಬಣ್ಣ ಬಿಡದ, ಅಗ್ಗದ ಪಾಲಿಯೆಸ್ಟರ್ ಸೀರೆ ಅನುಕೂಲವಾಯಿತು. ಅದನ್ನು ಅಭಿರುಚಿಯ ಪತನವೆಂದು ಹಳಿಯುವುದು ಅನ್ಯಾಯ. ಅವಳ ದೃಷ್ಟಿಯಲ್ಲಿ ಅದು ಲೆಕ್ಕಾಚಾರ. ಅತ್ತ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ನೌಕರರ ಮನೆಗಳಲ್ಲಿ ತಿಂಗಳ ಸಂಬಳವುಂಟು. ಮಸ್ಕಿ ಈಚೆಗೆ ತಾಲ್ಲೂಕು ಕೇಂದ್ರವಾದುದರಿಂದ ಕಚೇರಿ ಶಾಲೆಗಳಲ್ಲಿ ದುಡಿಯುವ ಸ್ತ್ರೀಯರ ವರ್ಗವೊಂದು ಬೆಳೆಯುತ್ತಿದೆ. ಇವರಿಗೆ ಸೀರೆ ನಿತ್ಯದ ಉಡುಪಾಗಿ ಉಳಿದಿಲ್ಲದಿರಬಹುದು. ಆದರೆ ಮದುವೆ, ಸೀಮಂತ, ಉಡಿ ತುಂಬುವ ಶಾಸ್ತ್ರಗಳಲ್ಲಿ ಇಳಕಲ್ಲ ಸೀರೆಯನ್ನು ಅವರು ಬಿಟ್ಟಿಲ್ಲ. ಇವರನ್ನು ಹೊರಗಿಟ್ಟು ನಗರದ ಪ್ರದರ್ಶನಗಳಿಗಾಗಿಯೇ ಸೀರೆಯನ್ನು ಸಿಂಗರಿಸಿದರೆ, ಬೆಲೆ ಏರಿ, ಅದನ್ನು ತಲೆಮಾರುಗಟ್ಟಲೆ ಉಳಿಸಿದವರಿಗೇ ಎಟುಕದಂತಾಗುವುದು.

ಆದ್ದರಿಂದ ಪೂರ್ವೋಕ್ತ ಪ್ರಶ್ನೆಗೆ ಇಲ್ಲಿ ಹೀಗೆ ಉತ್ತರ ಹೇಳಬಹುದು. ಸ್ಥಿರವಾಗಿಡಬೇಕಾದುದು ಮೂರು: ನೆಯ್ಯುವ ಸೀಮೆ, ಕೈಮಗ್ಗ, ಒಡಲಿಗೂ ಸೆರಗಿಗೂ ನಡುವಿನ ಕೊಂಡಿ. ಈ ಮೂರನೆಯದು ನೇಕಾರನಿಗೆ ಪ್ರಕೃತಿಯೇ ಕೊಟ್ಟ ಮುದ್ರೆಯಂತಿದೆ. ಸೆರಗು ಆರಂಭವಾಗುವೆಡೆಯನ್ನು ಹೊರಳಿಸಿ ಬೆರಳಾಡಿಸಿದರೆ ಸಾಲಾದ ಕೊಂಡಿಗಳು ತಗಲುತ್ತವೆ, ಅದನ್ನು ಅನುಕರಿಸುವುದು ಯಂತ್ರಕ್ಕೆ ಸುಲಭವಲ್ಲ. ಈ ಪರೀಕ್ಷೆಯನ್ನು ಪ್ರತಿಯೊಬ್ಬ ಗಿರಾಕಿಗೂ ಕಲಿಸಿಕೊಡುವುದು ಯಾವ ಜಾಹೀರಾತಿಗಿಂತಲೂ ಪ್ರಯೋಜನಕಾರಿ. ಮುಕ್ತವಾಗಿ ಬಿಡಬೇಕಾದುದು ಉಳಿದೆಲ್ಲವೂ: ಬಣ್ಣ, ನೂಲಿನ ತೂಕ, ಒಡಲಿನ ಚೌಕುಳಿಯ ಅಳತೆ, ದಡಿಯ ಅಗಲ. ತೊಳೆದರೆ ಕೆಂಪು ಒಡಲಿಗೆ ಹರಿಯುವ ಹಳೆಯ ದೋಷವನ್ನು ಸಂಪ್ರದಾಯದ ಹೆಸರಿನಲ್ಲಿ ಸಹಿಸಿಕೊಳ್ಳಬೇಕಾದುದಿಲ್ಲ. ಯಂತ್ರಮಗ್ಗದ ಸೀರೆಯನ್ನೂ ಓಡಿಸಬೇಕಾದುದಿಲ್ಲ. ಅದು ತನ್ನ ನಿಜನಾಮದಿಂದ ಮಾರಾಟವಾಗಲಿ, ನಾಟಿಯವಳಿಗೂ ಕೆಂಪು ಸೆರಗಿನ ಹಕ್ಕಿದೆ.

ಒಂದು ತೊಡಕನ್ನು ಮಾತ್ರ ಇಲ್ಲಿ ಸ್ಪಷ್ಟಪಡಿಸಬೇಕು. ಹ್ಯಾರಿಸ್ ಟ್ವೀಡು ಥಾನಿನಲ್ಲಿ ಮಾರುವ ಬಟ್ಟೆ. ಅದನ್ನು ಕತ್ತರಿಸಿ ಕೋಟನ್ನಾಗಲಿ ಬೂಟನ್ನಾಗಲಿ ಮಾಡಿದರೆ ಅದರ ಸ್ವಭಾವ ಕೆಡದು. ಇಳಕಲ್ಲ ಸೀರೆ ಮಗ್ಗದಿಂದ ಇಳಿಯುವಾಗಲೇ ಪೂರ್ಣವಾದ ಉಡುಪು. ಅದನ್ನು ಕತ್ತರಿಸಿ ಕುರ್ತಾ ಹೊಲಿದರೆ, ಯಾವುದಕ್ಕಾಗಿ ಅಷ್ಟು ಶ್ರಮಪಟ್ಟರೋ ಆ ಕೊಂಡಿಯೇ ವ್ಯರ್ಥವಾಗುತ್ತದೆ. ಹೀಗಾಗಿ ಸೀರೆಯನ್ನು ಸೀರೆಯಾಗಿಯೇ ಉಳಿಸಿ, ಅದರ ಒಡಲಿನ ಮತ್ತು ದಡಿಯ ನೆಯ್ಗೆಯಲ್ಲಿ ಥಾನುಗಳನ್ನು ಬೇರೆಯಾಗಿ ನೆಯ್ದು, ಕಾಲೇಜಿಗೆ ಹೋಗುವ ಹುಡುಗಿಯ ಕುರ್ತಾ ದುಪಟ್ಟಾಗಳಿಗೆ ಎರಡನೆಯ ದರ್ಜೆಯ ಗುರುತಿನೊಡನೆ ಒದಗಿಸುವುದು ಸರಿಯಾದ ಕ್ರಮ. ಇದರಿಂದ ಮದುವೆಯ ಕಾಲ ಕಳೆದ ತಿಂಗಳುಗಳಲ್ಲಿಯೂ ಮಗ್ಗಕ್ಕೆ ಕೆಲಸ ದೊರೆಯುವುದು.

ಇವೆಲ್ಲಕ್ಕೂ ಅಡಿಗಲ್ಲು ನೇಕಾರನ ಮಜೂರಿ. ಇಳಕಲ್ಲಿನಲ್ಲಿ ಬಹುಮಂದಿ ನೇಕಾರರು ಮಾಲಕರಿಂದ ನೂಲು ಪಡೆದು, ಸೀರೆ ಒಪ್ಪಿಸಿ, ಮಜೂರಿ ಎಣಿಸಿಕೊಳ್ಳುವವರು. ಸೀರೆಯ ಬೆಲೆ ಅಂಗಡಿಯಲ್ಲಿ ಏರಿದ ಮಾತ್ರಕ್ಕೆ ಅವರ ಗಳಿಕೆ ಏರುವುದಿಲ್ಲ. ಕೊಂಡಿ ಹಾಕುವ ಕೆಲಸ ಮನೆಮಂದಿಯ ನೆರವಿಲ್ಲದೆ ಸಾಗದು, ಆ ನೆರವಿಗೆ ಪ್ರತ್ಯೇಕ ಕೂಲಿಯನ್ನು ಲೆಕ್ಕಹಿಡಿಯುವ ರೂಢಿಯೂ ಬೆಳೆದಿಲ್ಲ. ಮಗ್ಗದ ಮುಂದೆ ಕುಳಿತವನ ಮಗ ಬೇರೆ ಉದ್ಯೋಗ ಹುಡುಕಿಕೊಂಡು ಹೋದರೆ ಅವನನ್ನು ಸಂಪ್ರದಾಯದ್ರೋಹಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಮುದ್ರೆಯ ಮೇಲಿನ ಒಡೆತನ ನೇಕಾರರ ಸಂಘಗಳ ಕೈಯಲ್ಲಿದ್ದು, ಮುದ್ರೆ ಬೀಳುವ ಪ್ರತಿ ಸೀರೆಗೂ ಕನಿಷ್ಠ ಮಜೂರಿ ನಿಗದಿಯಾಗಿ, ಅದನ್ನು ಕೊಡದವನ ಸೀರೆಗೆ ಮುದ್ರೆ ನಿರಾಕರಿಸುವಂತಾದಾಗ ಮಾತ್ರ ಹೆಸರೂ ಕೈಯೂ ಒಂದೇ ಕಡೆ ನಿಲ್ಲುತ್ತವೆ. ಬಿನ್ನಿಯಲ್ಲಿ ಅವು ಬೇರ್ಪಟ್ಟವು. ಹ್ಯಾರಿಸ್ಸಿನಲ್ಲಿ ಕಾನೂನು ಅವನ್ನು ಕಟ್ಟಿಹಾಕಿತು. ಇಳಕಲ್ಲು ಯಾವ ದಾರಿ ಹಿಡಿಯುವುದೆಂಬುದು ನೇಕಾರರನ್ನೂ ಸರ್ಕಾರವನ್ನೂ ಎಷ್ಟು ಅವಲಂಬಿಸಿದೆಯೋ, ಲಿಂಗಸುಗೂರಿನ ಅಂಗಡಿಯಲ್ಲಿ ಸೆರಗನ್ನು ಹೊರಳಿಸಿ ನೋಡಿ ‘ಇದು ಕೈಮಗ್ಗದ್ದೇನ್ರಿ?’ ಎಂದು ಕೇಳುವ ಗಿರಾಕಿಯನ್ನೂ ಅಷ್ಟೇ ಅವಲಂಬಿಸಿದೆ. ಆ ಪ್ರಶ್ನೆ ಕೇಳುವವರ ಸಂಖ್ಯೆ ಹೆಚ್ಚಿದಂತೆ ವ್ಯಾಪಾರಿಯೂ ಸತ್ಯ ಹೇಳುವುದನ್ನು ಲಾಭದ ಮಾರ್ಗವೆಂದು ಕಂಡುಕೊಳ್ಳುವನು.